ಬನಹಟ್ಟಿಯಲ್ಲಿ ಕೇಳಿದ ನ್ಯೂಟ್ರಿನೊ ಮಾತು

ಬನಹಟ್ಟಿಯ ಮಗ್ಗದ ಓಣಿಯಲ್ಲಿ ಕರೆಂಟು ಹೋಗಿ ಸದ್ದು ನಿಂತರೂ ಜನ ಕೂಗಿಯೇ ಮಾತಾಡುತ್ತಾರೆ. ಜಮಖಂಡಿ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಸರ್ ಮನೆ ಅಲ್ಲೇ. ಸೂರ್ಯನಿಂದ ಬರುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ನಮ್ಮ ಮೈಯೊಳಗಿಂದಲೇ ಹಾದುಹೋಗುತ್ತವೆ ಎಂದು ಅವರು ಹೇಳಿದ್ದರಿಂದಲೇ ನಾನು ಈ ಸಂಶೋಧನೆಗೆ ಬಂದೆ ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತೇನೆ. ಮೊನ್ನೆ ಅವರ ಮನೆಗೆ ಹೋದಾಗ ಅವರಿಗೂ ಅದನ್ನೇ ಹೇಳಿದೆ.

"ನಾ ಎಲ್ಲಿ ಹೇಳೀನೋ ತಮ್ಮಾ! ನನಗ ಅದು ಈಗೂ ತಿಳಿಯೂದಿಲ್ಲ. ಹೇಳಿದವರು ಲ್ಯಾಬಿನ ಬಾಯಾರು."

ನನ್ನ ನೆನಪಿನ ಲ್ಯಾಬಿನಲ್ಲಿ ಯಾವ ಹೆಂಗಸೂ ಇಲ್ಲ.

"ಈಗ ಎಲ್ಲಿ ಅದಾರ್ರಿ ಸರ?"

"ಮುಧೋಳದಾಗ ಇದ್ರು. ಹೋದ ಚಳಿಗಾಲದಾಗ ತೀರಿಕೊಂಡ್ರು. ನಿನ್ನ ಭಾಷಣ ಮೊಬೈಲಿನಾಗ ನನಗ ತೋರಿಸಿದವರು ಅವರೇ. 'ನೋಡ್ರಿ ಸರ, ನಮ್ಮ ಹುಡುಗ ನಿಮ್ಮ ಹೆಸರು ಹೇಳ್ಯಾನ' ಅಂತ ಭಾಳ ಖುಷಿಪಟ್ಟಿದ್ರು."