ಶರಣಮ್ಮ ಮುಚ್ಚಿಟ್ಟ ನಾಲಿಗೆ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ, ಬೆಳಗಿನ ಹೊತ್ತು. ಸುರಪುರದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಹೊಸ್ತಿಲ ಮೇಲೆ ನಾನು ನಿಂತಿದ್ದೆ. ನನ್ನ ಹೆಂಡತಿ ಶರಣಮ್ಮ ನನಗೆ ಬೆನ್ನು ಮಾಡಿ, ಗೋಡೆಯ ಸಣ್ಣ ಕನ್ನಡಿಯ ಮುಂದೆ ನಾಲಿಗೆ ಚಾಚಿ, ಸೆರಗಿನ ತುದಿಯಿಂದ ಉಜ್ಜಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ನನಗೆ ಕಂಡಿತು. ನಾಲಿಗೆಯ ತುಂಬ ಕೆನೆಮೊಸರು ಬಳಿದಂಥ ಬಿಳುಪು. ಉಜ್ಜಿದ ಕಡೆ ರಕ್ತ ಒಸರಿತ್ತು.

ನನ್ನನ್ನು ಕಂಡವಳೇ ಬಾಯಿಗೆ ಸೆರಗು ಒತ್ತಿಕೊಂಡಳು. "ಯಾವಾಗಿಂದ ಹಿಂಗ್ ಆಗ್ಯಾದ?" ಅಂದೆ.

ಕೆಲವು ದಿನಗಳಿಂದ ಅವಳು ತಾಟು, ಲೋಟ ಬೇರೆ ಇಟ್ಟುಕೊಂಡಿದ್ದಳು. ಖಾರ ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು. ಮಗಳು ಜ್ಯೋತಿ ಏಳು ತಿಂಗಳ ಬಸುರಿ. ಕುಬಸ, ಅಂದರೆ ಸೀಮಂತ, ಮುಗಿಸಿ, ಚೊಚ್ಚಲ ಹೆರಿಗೆಗೆ ಗಂಡನ ಮನೆ ಹುಣಸಗಿಯಿಂದ ಕರೆತರಬೇಕಿತ್ತು. ಅಂಥದ್ದರಲ್ಲಿ ಹಿಂದಿನ ದಿನ ಶರಣಮ್ಮ ಫೋನಿನಲ್ಲಿ, "ಬಾಣಂತನಕ್ಕ ಚಿಗವ್ವನ ಮನಿಗಿ ಹೋಗವ್ವ, ನನ್ನ ಕೈಲೆ ಆಗಂಗಿಲ್ಲ" ಅಂದಿದ್ದಳು. ಚಿಕ್ಕಮ್ಮನ ಮನೆಗೆ ಯಾಕೆಂದು ಕೇಳಿ ಕೇಳಿ ಮಗಳು ಅತ್ತಿದ್ದಳು.

"ಅಪ್ಪಗ ಬಂದದ್ದ ನನಗೂ ಬಂದದ," ಅಂದಳು ಶರಣಮ್ಮ ಕಡೆಗೆ. ಅವಳ ತಂದೆ ತೀರಿಕೊಂಡದ್ದು ನಾಲಿಗೆಯ ಕ್ಯಾನ್ಸರಿನಿಂದ. "ಈ ಬಾಯಿಲೆ ಕೂಸಿಗಿ ಹ್ಯಾಂಗ ಮುದ್ದ ಕೊಡ್ಲಿ? ಅದಕ್ಕೂ ಹತ್ತಿದ್ರ?"

ಪಕ್ಕದ ಮನೆಯ ಮಹಬೂಬಿಯನ್ನು ಜೊತೆಗೆ ಕರೆದುಕೊಂಡು ಶಹಾಪುರದ ಬಸ್ಸು ಹತ್ತಿದೆವು. ಅಲ್ಲಿನ ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಸಣ್ಣವರಾದ ಒಬ್ಬ ಡಾಕ್ಟರಮ್ಮ. ಶರಣಮ್ಮ ಬಾಯಿ ತೆಗೆಯಲೊಲ್ಲಳು.

"ಏ ಅಕ್ಕಾ, ನನ್ನ ಮುಂದ ದಿನಾ ಮಾರುದ್ದ ನಾಲಿಗಿ ಚಾಚ್ತಿ. ಡಾಕ್ಟರ್ ಕೇಳಿದ್ರ ಒಳಗ ಎಳ್ಕೊಂತಿ?" ಅಂದಳು ಮಹಬೂಬಿ. ಶರಣಮ್ಮನಿಗೆ ನಗು ತಡೆಯಲಾಗಲಿಲ್ಲ. ಬಾಯಿ ತೆರೆಯಿತು.

ಡಾಕ್ಟರಮ್ಮ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆರೆದರು. ಬಿಳುಪು ಎದ್ದು ಬಂತು. ತಂಬಾಕು ಹಾಕ್ತೀರಾ, ಕಟ್ಟಿಸಿದ ಹಲ್ಲು ಇದೆಯಾ, ಜ್ವರಕ್ಕೆ ಏನಾದರೂ ಮಾತ್ರೆ ನುಂಗಿದಿರಾ, ಬಾಯಿ ಒಣಗುತ್ತದಾ ಎಂದು ಕೇಳಿದರು. ಎಲ್ಲಕ್ಕೂ ಇಲ್ಲವೆಂದಳು. ಬೆರಳು ಚುಚ್ಚಿ ಸಕ್ಕರೆ ನೋಡಿದರು. ಅದೂ ಸರಿ ಇತ್ತು.

"ದಮ್ಮಿಗಿ ಬಾಯಾಗ ಎಳ್ಕೊಳ್ಳೋ ಪಂಪ್ ಏನರ ತಗೊಂತೀರೇನ್ರಿ?"

"ಹೌದ್ರಿ. ಹತ್ತಿ ಬಿಡ್ಸಾಕ ಹೋಗಿ ದಮ್ಮ ಹತ್ತಿತ್ರಿ. ಎರಡೂ ಹೊತ್ತು ಲಿಂಗಪೂಜಿ ಮುಗಿಸಿ, ಪಾದೋದಕ ತಗೊಂಡ ಕೂಡ್ಲೆ ಎಳ್ಕೊಂತೀನ್ರಿ."

"ಆಮ್ಯಾಲ ಬಾಯಿ ಮುಕ್ಕಳಿಸ್ತೀರಿ?"

ಶರಣಮ್ಮ ಬೆಚ್ಚಿದಳು. "ಅಯ್ಯ ಎವ್ವಾ! ಪಾದೋದಕ ಮುಟ್ಟಿದ ಬಾಯಿ ಮುಕ್ಕಳಿಸಿ ಬಚ್ಚಲಕ್ಕ ಉಗುಳ್ಲೇನ್ರಿ?"

ಲಿಂಗಕ್ಕೆ ಎರೆದ ಆ ನೀರಿನ ಒಂದು ಹನಿಯೂ ನೆಲಕ್ಕೆ ಬೀಳಬಾರದೆಂಬುದು ನಮ್ಮ ಮನೆಯ ನಡೆ. ಡಾಕ್ಟರಮ್ಮ ನಗಲಿಲ್ಲ. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಪಂಪಿನ ಔಷಧ ಬಾಯಾಗ ಉಳಿದು ಬೂಷ್ಟು ಹಿಡದದ ಅಮ್ಮ. ನಿಮ್ಮ ಅಪ್ಪಾರಿಗಿ ಬಂದದ್ದು ಇದಲ್ಲ. ಪೂಜಿನೂ ಬಿಡಬ್ಯಾಡ್ರಿ, ಪಂಪೂ ಬಿಡಬ್ಯಾಡ್ರಿ. ಮೊದಲ ಪಂಪ್, ಛಲೋತ್ನಾಗಿ ಮುಕ್ಕಳಿಸಿ ಉಗುಳ್ರಿ, ಆಮ್ಯಾಲ ಪೂಜಿ. ಹಚ್ಚಲಿಕ್ಕ ಔಷಧ ಕೊಡ್ತೀನಿ. ಅದಕ್ಕೂ ಹೋಗ್ಲಿಲ್ಲಂದ್ರ ತಡ ಮಾಡ್ದ ಬರ್ರಿ."

ಶರಣಮ್ಮ ಕೇಳಿದ್ದು ಒಂದೇ ಮಾತು. "ಕೂಸಿಗಿ ಮುದ್ದ ಕೊಡಬಹುದೇನ್ರಿ?"

"ಕೂಸು ಬರೋದ್ರಾಗ ಇದು ಹೋಗಿರ್ತದ. ಸಾಕನ್ನಷ್ಟು ಕೊಡ್ರಿ."

ಹೊರಗೆ ಬಂದವಳೇ ನನ್ನ ಫೋನು ಇಸಿದುಕೊಂಡು, "ಜ್ಯೋತಿ, ಕುಬಸಕ್ಕ ಹಸರ ಸೀರಿ ತರ್ತೀನಿ. ಚಿಗವ್ವನ ಮನಿ ಕಡಿ ಮುಖ ಮಾಡಿದಿ ಅಂದ್ರ ಕಾಲ ಮುರೀತೀನಿ ನೋಡು" ಅಂದಳು. ಅನ್ನುತ್ತಲೇ ಅತ್ತಳು.

ಔಷಧಿಗೆ ಬಿಳುಪು ಹೋಯಿತು. ಚೈತ್ರದಲ್ಲಿ ಮೊಮ್ಮಗಳು ಹುಟ್ಟಿದಳು. ಒಂದೇ ಸೂರಿನ ಕೆಳಗೆ ಇದ್ದುಕೊಂಡೇ ಶರಣಮ್ಮ ಒಬ್ಬಳೇ ನಮ್ಮಿಂದ ದೂರ ಸರಿಯುತ್ತಿದ್ದಳೆಂಬುದನ್ನು ನಾನು ಈಗಲೂ ಮರೆತಿಲ್ಲ. ಕೂಸನ್ನು ಎತ್ತಿಕೊಂಡು ಅವಳು ಹಣೆಗೆ ಕೊಟ್ಟ ಮೊದಲ ಮುದ್ದನ್ನು ಕಂಡವರು ನಾನು, ಜ್ಯೋತಿ, ಮಹಬೂಬಿ. ಮೂವರೂ ಸಾಕ್ಷಿಗೆ ಇದ್ದೇವೆ.