ದಲಾಲ ಗೊಲ್ಲಾಳಪ್ಪ ಮತ್ತು ಬಳೆ ತೊಟ್ಟ ಚುಕ್ಕಿ

ಜತ್ತ ತಾಲೂಕಿನಲ್ಲಿ ಆಕಾಶ ಬಲ್ಲವನು ನಾನೊಬ್ಬನೇ ಎಂಬ ಭ್ರಮೆ ನನಗೆ ಸುಮಾರು ಮೂರು ವರ್ಷ ಇತ್ತು. ಸಾಂಗಲಿಯ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕವೇ ಅದಕ್ಕೆ ಆಧಾರ. ಅದರ ಮೊದಲ ನಾಲ್ಕು ಅಧ್ಯಾಯ ಓದಿದ್ದೆ. ಉಳಿದವನ್ನು ಮಧ್ಯಾಹ್ನ ತಲೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ನಮ್ಮೂರು ಕರಜಗಿಯ ಜನ ಗ್ರಹಣದ ವೇಳೆ ಕೇಳಲು ಬಂದರೆ ಗಂಭೀರವಾಗಿ ಆ ಪುಸ್ತಕ ತೆರೆದು, ಅದರೊಳಗೆ ಅಡಗಿಸಿದ್ದ ಪಂಚಾಂಗ ನೋಡಿ ಹೇಳುತ್ತಿದ್ದೆ. ಸಾಲಿ ಮಾಸ್ತರನಿಗೆ ಇಷ್ಟಾದರೂ ಮರ್ಯಾದೆ ಬೇಡವೇ?

ಆ ಮರ್ಯಾದೆಯನ್ನು ನಂಬಿ ೧೯೫೦ರ ಉಗಾದಿಗೆ ಮೊದಲು ನಮ್ಮ ಮನೆಗೆ ಬಂದವನು ದನದ ದಲಾಲ ಗೊಲ್ಲಾಳಪ್ಪ.

ಗೊಲ್ಲಾಳಪ್ಪನ ವಿಷಯ ಸ್ವಲ್ಪ ಹೇಳಬೇಕು. ವಯಸ್ಸು ಐವತ್ತೈದರ ಆಚೆ ಈಚೆ, ತಲೆಗೆ ರುಮಾಲು, ಹೆಗಲ ಮೇಲೆ ಟವೆಲು. ಆ ಟವೆಲು ಬೆವರೊರೆಸಲು ಅಲ್ಲ. ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿದು, ನಾಲ್ಕು ಜನರಿಗೆ ಗೊತ್ತಾಗದಂತೆ ಎತ್ತಿನ ಬೆಲೆ ಹೇಳುವುದು ಅವನ ಕಸುಬು. ಬಾಯಿಂದ ಹೇಳುತ್ತಿದ್ದದ್ದು ಬೇರೆ. ಎತ್ತಿನ ವಯಸ್ಸು ಹಲ್ಲಿನ ಲೆಕ್ಕ; ಬೆಳುಂಕಿಯ ಸಂತೆಯಲ್ಲಿ ಆರು ಹಲ್ಲಿನದಾಗಿದ್ದ ಎತ್ತು ಕರಜಗಿಗೆ ಬಂದರೆ ನಾಲ್ಕು ಹಲ್ಲಿನದು, ದರಿಬಡಚಿ ಮುಟ್ಟುವಷ್ಟರಲ್ಲಿ ಎರಡೇ ಹಲ್ಲಿನದು. ಇನ್ನೊಂದು ದಿನ ನಡೆಸಿದ್ದರೆ ಅದು ತಾಯಿಯ ಹಾಲು ಕೇಳುತ್ತಿತ್ತು.

ಇಂಥವನಿಗೆ ದೇವರು ಗಂಟು ಹಾಕಿದ್ದು ಮಲಕವ್ವನನ್ನು. ಆಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಜರಡಿ ಎರವಲು ಕೇಳಲು ಬಂದರೆ ನಾವು ನೀವು "ಇಲ್ಲವ್ವಾ, ಒಯ್ದಾರ" ಅಂತೀವಿ. ಮಲಕವ್ವ, "ಐತಿ, ಕೊಡೂದಿಲ್ಲ" ಅನ್ನುವರು. ಒಮ್ಮೆ ಗಿರಾಕಿಯೊಬ್ಬ ಅವರ ಅಂಗಳದಲ್ಲಿ ಕಟ್ಟಿದ್ದ ಎತ್ತು ನೋಡಿ, "ಹಾಯ್ತೈತೇನವ್ವಾ ಇದು?" ಎಂದು ಕೇಳಿದ. "ಹಾಯ್ತೈತಿ. ನಿನ್ನೆ ನಮ್ಮನಿಯವ್ರಿಗೇ ಹಾದೈತಿ. ಸೊಂಟಕ್ಕ ಇನ್ನೂ ಎಣ್ಣಿ ಹಚ್ಚಾಕತ್ತೀನಿ." ಅಂದಿನಿಂದ ಗೊಲ್ಲಾಳಪ್ಪ ವ್ಯಾಪಾರವನ್ನು ಮನೆಯ ಹತ್ತಿರ ತರಲಿಲ್ಲ.

ಆ ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಅವನು ಅಂದ:

"ಮಾಸ್ತರ, ಜಲ್ಮಾ ಎಲ್ಲಾ ಸುಳ್ಳ ಹೇಳಿ ಹೊಟ್ಟಿ ಹೊರದೀನಿ. ನನ್ನ ಹತ್ರ ನಿಜ ಅನ್ನೂದು ಒಂದ ಐತಿ. ಅದನ್ನ ನಮ್ಮಾಕಿ ನಂಬವಲ್ಲಳು. ನನಗೊಂದು ದುರ್ಬೀನು ಕೊಡಸ್ರಿ."

ಆ ನಿಜ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಅವನು ಹೊಸದಾಗಿ ಮದುವೆಯಾಗಿದ್ದಾಗ ಭೂಮಿ ಅಳೆಯುವ ಬಿಳಿ ಸಾಹೇಬನೊಬ್ಬ ದರಿಬಡಚಿಯ ಮಡ್ಡಿ ಬಯಲಲ್ಲಿ ಡೇರೆ ಹಾಕಿದ್ದ. ಅವನ ಸಾಮಾನು ಹೇರಿಕೊಂಡು ಹೋದ ಗಾಡಿ ಗೊಲ್ಲಾಳಪ್ಪನದು. ಮುಂದಿನದನ್ನು ಅವನ ಬಾಯಿಂದಲೇ ಕೇಳಬೇಕು:

"ಥಂಡಿ ಭಾಳ ಇತ್ತು. ಸಾಹೇಬನ ಕರಿ ನಾಯಿ ನನ್ನ ಕಂಬಳಿ ಮ್ಯಾಲ ಮಲಗಿತ್ತು. ಸಾಹೇಬ ಬಾ ಇಲ್ಲಿ ಅಂದ. ಹಿತ್ತಾಳಿ ಕೊಳವಿಗೆ ಎಡಗಣ್ಣ ಹಚ್ಚಿದೆ. ಬಳಿ ತೊಟ್ಟ ಚುಕ್ಕಿ! ಬಳಿ ಚುಕ್ಕಿಗೆ ಹತ್ತಿರಲಿಲ್ಲ, ನಡು ಸಂದು ಇತ್ತು."

ಮೂವತ್ತೈದು ವರ್ಷ ಇದನ್ನು ಹೇಳಿದ್ದ. ಊರು ಮೂವತ್ತೈದು ವರ್ಷ ನಕ್ಕಿತ್ತು. ಮಲಕವ್ವ ನಗುತ್ತಿರಲಿಲ್ಲ. ಪೂರ್ತಿ ಕೇಳಿ, "ಏಳ್ರಿ, ಊಟಾ ಮಾಡ್ರಿ" ಅನ್ನುವರು. ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ.

"ಊರ ನಗಲಿ ಬಿಡ್ರಿ," ಅಂದ ಗೊಲ್ಲಾಳಪ್ಪ. "ಆಕಿ ಒಂದ ಸಲ ಹೌದು ಅಂದ್ರ ಸಾಕು."

ಅದು ಶನಿ ಗ್ರಹ ಎಂದು ನನ್ನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿತ್ತು. ಚಿತ್ರವೂ ಇತ್ತು, ಬಳೆಯ ಸಮೇತ. ನಾನು ಹೆಮ್ಮೆಯಿಂದ ಅವನ ಜೊತೆ ಪುಣೆಗೆ ಹೊರಟೆ.

ಇಂಗ್ಲಿಷ್ ಸಾಹೇಬರು ಬಿಟ್ಟುಹೋದ ಸಾಮಾನು ಮಾರುವ ಅಂಗಡಿಯೊಂದು ಪುಣೆಯ ಕ್ಯಾಂಪಿನಲ್ಲಿತ್ತು. ದಪ್ಪ ಕನ್ನಡಕದ ಮುದುಕ ಮಾಲೀಕ ಮೂರು ದುರ್ಬೀನುಗಳನ್ನು ತೋರಿಸಿದ. ದಾರಿಯುದ್ದಕ್ಕೂ ನಾನು ಗೊಲ್ಲಾಳಪ್ಪನಿಗೆ ಪಾಠ ಹೇಳಿದ್ದೆ: ದುರ್ಬೀನು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎನ್ನುವುದೊಂದನ್ನೇ ಕೇಳಬೇಕು.

"ಇದು ನೂರೈವತ್ತು ಪಟ್ಟು," ಎಂದು ಮಾಲೀಕ ಮರಾಠಿಯಲ್ಲಿ ಹೇಳಿ ಆಳೆತ್ತರದ ಹಿತ್ತಾಳೆಯ ಕೊಳವೆಯನ್ನು ಸವರಿದ. ಥಳಥಳ ಹೊಳೆಯುತ್ತಿತ್ತು. "ಇದೇ!" ಎಂದೆ ನಾನು.

ಗೊಲ್ಲಾಳಪ್ಪ ಕೊಳವೆಯನ್ನು ನೋಡಲೇ ಇಲ್ಲ. ಕುಕ್ಕರಗಾಲಲ್ಲಿ ಕುಳಿತು ಅದರ ಮೂರು ಕಾಲುಗಳನ್ನು ನೋಡಿದ, ಒಂದೊಂದನ್ನೂ ತಟ್ಟಿದ. "ಮಾಸ್ತರ, ಎದುರಿನ ಹಂಚಿನ ಮ್ಯಾಲ ಕಾಗಿ ಕುಂತೈತಲ್ಲ, ಅದನ್ನ ನೋಡ್ರಿ," ಎಂದು ನನ್ನ ಕಣ್ಣು ಕೊಳವೆಗೆ ಹಚ್ಚಿಸಿ, ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಕಾಗೆಗೆ ಚಳಿಜ್ವರ ಬಂತು. ಬೆರಳು ತೆಗೆದ ಮೇಲೂ ನಡುಗುತ್ತಲೇ ಇತ್ತು. ಮೇಲಾಗಿ ತಲೆಕೆಳಗಾಗಿ ನಡುಗುತ್ತಿತ್ತು. ಆಕಾಶದ ದುರ್ಬೀನು ಹಾಗೇ ತೋರಿಸುವುದು, ಮೇಲೆ ಹೋದರೆ ತಲೆ ಯಾವುದು ಕಾಲು ಯಾವುದು ಎಂದು ಮಾಲೀಕ ಸಮಾಧಾನ ಹೇಳಿದ.

"ಕೋಡ ಚಂದ ಅದಾವ, ಕಾಲ ಸೋತಾವ," ಅಂದ ಗೊಲ್ಲಾಳಪ್ಪ. "ಇದನ್ನ ಕಟಕೊಂಡ್ರ ಹೊಲ ಅಲ್ಲ, ಮೇವಿನ ಗ್ವಾದಲಿನೂ ಮುಟ್ಟೂದಿಲ್ಲ."

ಎರಡನೆಯದರ ಕಾಲು ಗಟ್ಟಿ. ಅದರ ಮುಂದಿನ ಗಾಜನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದ. ಒಳಗೆ ಎಳೆಎಳೆಯಾಗಿ ಬಿಳಿ ಬೂಸು. "ಕಣ್ಣಾಗ ಹೂವ ಬಿದ್ದೈತಿ. ಒರಿಸಿದ್ರ ಹೋಗೂದಲ್ಲ." ಮಾಲೀಕ ತನ್ನದೇ ಕನ್ನಡಕ ತೆಗೆದು ಒರೆಸಿಕೊಂಡ.

ಮೂರನೆಯದು ಗಿಡ್ಡ. ಬಣ್ಣ ಸುಲಿದಿತ್ತು. ಮೊಣಕಾಲೆತ್ತರದ ದಪ್ಪ ಮರದ ಕಾಲುಗಳು. ನಲವತ್ತು ಪಟ್ಟು ಮಾತ್ರ ಎಂದು ಮಾಲೀಕ ನಾಚಿಕೊಂಡೇ ಹೇಳಿದ. ಗೊಲ್ಲಾಳಪ್ಪ ಸ್ಟೂಲಿನ ಮೇಲೆ ಕುಳಿತು ಅದೇ ಕಾಗೆಯನ್ನು ನೋಡಿದ, ಕೊಳವೆಗೆ ಗುದ್ದಿದ, ಮತ್ತೆ ನೋಡಿದ. "ಕಾಗಿ ಸುಮ್ಮನ ಕುಂತೈತಿ. ಮತ್ತ ನಮ್ಮಾಕಿಗೆ ಮಣಕಾಲ ಬ್ಯಾನಿ ನೋಡ್ರಿ, ನಿಂತ ಬಗ್ಗಾಕ ಆಗೂದಿಲ್ಲ. ಇದನ್ನ ಹೊರಸಿನ ಮ್ಯಾಲ ಕುಂತ ನೋಡಬಹುದು."

ಆಮೇಲೆ, ರೂಢಿಯಂತೆ, ಮಾಲೀಕನ ಕೈ ಮೇಲೆ ಟವೆಲು ಹೊದಿಸಿ ಒಳಗೆ ಬೆರಳು ಹಿಡಿದ. ಮುದುಕ ಬೆಚ್ಚಿಬಿದ್ದು ಕೈ ಕಸಿದುಕೊಂಡ. ಇದು ಬೆಲೆ ಕೇಳುವ ರೀತಿ ಎಂದು ತಿಳಿಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುದುಕನಿಗೆ ಆಟ ಹಿಡಿಸಿ, ಟವೆಲಿನ ಕೆಳಗೆ ಕೈ ಕೊಟ್ಟು ತಾನೇ ಸೋತ. ನೂರೈವತ್ತು ಪಟ್ಟಿನ ಹಿತ್ತಾಳೆಯನ್ನು ತಿರುತಿರುಗಿ ನೋಡುತ್ತ ನಾನು ಹೊರಬಂದೆ.

ಉಗಾದಿ ಮುಗಿದು ಎರಡು ವಾರಕ್ಕೆ, ರಾತ್ರಿ ಊಟದ ಹೊತ್ತಿಗೆ ಮುಂಚೆ, ಅವರ ಕಣದಲ್ಲಿ ಅರ್ಧ ಊರು ಕೂಡಿತ್ತು. ಶನಿ ಸಿಂಹರಾಶಿಯಲ್ಲಿತ್ತು. ಗುರುತು ಹಿಡಿದವನು ನಾನೇ, ಪಂಚಾಂಗದ ಕೃಪೆಯಿಂದ. ಜ್ಞಾನ ತಡೆಯಲಾರದೆ ಅದರ ಹೆಸರನ್ನೂ ಹೇಳಿಬಿಟ್ಟೆ. ಜನ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

"ಶನೀನ ನೋಡಾಕ ಪುಣೆದಿಂದ ಯಂತ್ರಾ ತಂದಿ ಏನ, ಗೊಲ್ಲಾಳಣ್ಣಾ?" ಅಂದ ಕುರಿಗಾರ ಶಿದ್ರಾಯ. ಊರಿನ ನಾಲಿಗೆ ಎಂದರೆ ಅವನು. "ಅವ ಪುಕ್ಕಟೆ ತಾನ ಮನಿಗೆ ಬರ್ತಾನಲ್ಲೋ!"

"ನಮ್ಮನ್ಯಾಗ ಒಬ್ಬ ಮದ್ಲ ಅದಾನ," ಅಂದರು ಹೊರಸಿನ ಮೇಲೆ ಕುಳಿತ ಮಲಕವ್ವ. "ಅವನ್ನ ದಿನಾ ನೋಡ್ತೀನಿ, ಏನೂ ಆಗಿಲ್ಲ."

ಗೊಲ್ಲಾಳಪ್ಪ ಮೊದಲು ನೋಡಿದ. ಬಹಳ ಹೊತ್ತು ನೋಡಿದ. ಧೋತರದ ಚುಂಗಿನಿಂದ ಗಾಜು ಒರೆಸಿ ಮತ್ತೆ ನೋಡಿದ. ಎದ್ದು ನಿಂತಾಗ ಅವನ ಮುಖ ನೋಡಿ ನಾನು ಓಡಿಹೋಗಿ ಕಣ್ಣು ಹಚ್ಚಿದೆ. ಪುಟ್ಟ ಮುತ್ತೊಂದಕ್ಕೆ ಸೂಜಿ ಚುಚ್ಚಿದಂತೆ ಒಂದು ಗೆರೆ. ಅಷ್ಟೇ. ಬಳೆ ಇಲ್ಲ, ಸಂದಿಲ್ಲ. ತಾಲೂಕಿನ ಏಕಮೇವ ಖಗೋಳಜ್ಞ ಜನರ ಹಿಂದೆ ಹೋಗಿ ನಿಂತ.

"ಯಾಕ, ಬಳಿ ಒಡದೈತೇನು?" ಅಂದ ಶಿದ್ರಾಯ.

ಮುತ್ತೈದೆಯರ ಎದುರಿಗೆ ಆಡುವ ಮಾತಲ್ಲ ಅದು. ಹೆಂಗಸರು ಲೊಚಗುಟ್ಟಿದರು. ಮಲಕವ್ವ ಹೊರಸನ್ನು ಹತ್ತಿರ ಎಳೆಸಿಕೊಂಡು, ಕೈಯ ಹಸಿರು ಬಳೆ ಹಿಂದೆ ಸರಿಸಿ, ಕೊಳವೆಗೆ ಎಡಗಣ್ಣು ಹಚ್ಚಿದರು.

"ಐತಿ," ಅಂದರು. "ಬಳಿ ಐತಿ. ನಡು ಸಂದೂ ಐತಿ."

ಮಲಕವ್ವ ಹೇಳಿದ ಮೇಲೆ ಬೇರೆಯವರು ನೋಡುವುದು ಏನು ಉಳಿಯಿತು? ಶನಿಗೆ ಕಣ್ಣು ಕೊಡದೆ ಪಾರಾದೆವೆಂದು ಜನಕ್ಕೂ ಹಗುರಾಯಿತು. "ಮಲಕವ್ವ ವೈನಿ ಅಂದ್ರ ಮುಗೀತು," ಎಂದು ಶಿದ್ರಾಯನೇ ಎಲ್ಲರಿಗಿಂತ ಮೊದಲು ಕಂಬಳಿ ಕೊಡವಿ ಎದ್ದ. ಮೂವತ್ತೈದು ವರ್ಷದ ನಗು ಆ ದಿನ ನಿಂತಿತು.

ಮರುದಿನ ಮಧ್ಯಾಹ್ನ ಗೊಲ್ಲಾಳಪ್ಪ ಸಾಲಿಗೆ ಬಂದ. ಗೆದ್ದವನ ಮುಖ ಅಲ್ಲ ಅದು.

"ಇಲ್ಲದ್ದು ಐತಿ ಅಂದಳ್ರಿ ಮಾಸ್ತರ. ಜಲ್ಮದಾಗ ಮದಲನೇ ಸುಳ್ಳ. ನನ್ನ ಮಾನ ಉಳಸಾಕ. ಅಂದ್ರ ಏನಾತು? ನಾ ಇಷ್ಟ ದಿನಾ ಹೇಳಿದ್ದು ಸುಳ್ಳ ಅಂತ ಆಕಿಗೆ ಖಾತ್ರಿ ಆತು." ಟವೆಲನ್ನು ಮಡಚಿದ, ಬಿಚ್ಚಿದ. "ದುರ್ಬೀನು ತರಬಾರದಿತ್ತು."

ನಾನು ಪುಸ್ತಕ ತೆಗೆದೆ. ನಾಲ್ಕನೆಯ ಅಧ್ಯಾಯದ ಆಚೆಗೆ ಅಂದೇ ಮೊದಲು ಕಾಲಿಟ್ಟದ್ದು. ಏಳನೆಯದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಶನಿಯ ಬಳೆ ಬಹಳ ತೆಳು, ಹದಿನೈದು ವರ್ಷಕ್ಕೊಮ್ಮೆ ಅದರ ಅಂಚು ನಮ್ಮ ಕಡೆ ತಿರುಗುತ್ತದೆ, ಆಗ ಕಾಣುವುದಿಲ್ಲ. ಈ ವರ್ಷ ಹಾಗೆ ತಿರುಗಿತ್ತು. ಡಬ್ಬಿಯಿಂದ ಒಂದು ಜೋಳದ ರೊಟ್ಟಿ ತೆಗೆದು ಅವನ ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದೆ. "ಏನು ಕಾಣತೈತಿ?"

"ಗೆರಿ."

ಓರೆ ಮಾಡಿದೆ. "ಈಗ?"

"ರೊಟ್ಟಿ." ಅವನ ಕಣ್ಣು ಹೊಳೆಯಿತು. "ಹಂಗಾರ ಮತ್ತ ತಿರುಗತೈತಿ?"

"ವರ್ಷಕ್ಕಿಷ್ಟಿಷ್ಟು. ನಾಲ್ಕೈದು ವರ್ಷಕ್ಕೆ ಚಲೋ ಕಾಣತೈತಿ. ನಡಿ, ಮಲಕವ್ವಗ ಈಗಲೇ ಹೇಳೂಣು."

"ಬ್ಯಾಡ್ರಿ!" ಅವನು ನನ್ನ ಕೈ ಹಿಡಿದ. "ಇವತ್ತ ಎತ್ತ ಕುಂಟತೈತಿ, ನಾಳೆ ಸರಿಹೋಗತೈತಿ ಅಂತ ಮಂದಿಗೆ ಎಷ್ಟ ಸಲ ಹೇಳೀನಿ ಗೊತ್ತೇನ್ರಿ? ಇದೂ ದಲಾಲಿ ಮಾತಾಗತೈತಿ. ಆಕಿ ಕಣ್ಣೀಲೆ ನೋಡಲಿ."

ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಅಷ್ಟು ರುಚಿಯಾದ ಪಾಠ ನಾನು ಮತ್ತೆ ಮಾಡಿಲ್ಲ.

ವರ್ಷ ವರ್ಷ ಬೇಸಿಗೆಯಲ್ಲಿ ಅವನೊಬ್ಬನೇ ದುರ್ಬೀನು ಹೊರಗೆ ತಂದು ನೋಡಿ ಒಳಗಿಡುತ್ತಿದ್ದ. ಸಂತೆಯಲ್ಲಿ ಸಿಕ್ಕಾಗ ನನ್ನ ಅಂಗೈಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸುವನು: ಇಷ್ಟು ತೆರೆದಿದೆ. ಟವೆಲಿನ ಕೆಳಗೇ. ಆ ಗೆರೆ ಮುಂದೆ ಎಳ್ಳಿನ ಆಕಾರವಾಯಿತು, ಆಮೇಲೆ ಜವೆಗೋದಿಯಷ್ಟಾಯಿತು. ಆಚೀಚೆ ನಿಂತವರು ನಾನೂ ಎತ್ತು ಕೊಳ್ಳುವವನಿದ್ದೇನೆ ಎಂದುಕೊಂಡರು.

೧೯೫೫ರ ವೈಶಾಖಕ್ಕೆ ನನಗೆ ಬೆಳುಂಕಿಯ ಸಾಲಿಗೆ ಬದಲಿಯಾಗಿತ್ತು. "ಲಗೂನ ಬರ್ರಿ" ಎಂದು ಗೊಲ್ಲಾಳಪ್ಪ ಹೇಳಿಕಳಿಸಿದ. ಸೈಕಲ್ ತುಳಿದು ಸಂಜೆಗೆ ಕರಜಗಿ ಮುಟ್ಟಿದೆ. ಈ ಸಲ ಕಣದಲ್ಲಿ ನಾವು ಮೂವರೇ. ಕತ್ತಲಾಗುತ್ತಲೇ ಮೂಡಣದಲ್ಲಿ ಶನಿ ಬಂತು. ಗೊಲ್ಲಾಳಪ್ಪ ನೋಡಿದ; ಹೊರಸನ್ನು ಸರಿಮಾಡಿ ಹೆಂಡತಿಗೆ ಜಾಗ ಬಿಟ್ಟ.

ಮಲಕವ್ವ ಎಷ್ಟು ಹೊತ್ತು ನೋಡಿದರೋ. ಚುಕ್ಕಿ ಜರುಗಿ ಮರೆಯಾದಾಗೆಲ್ಲ ಅವನು ಕೊಳವೆಯನ್ನು ಒಂದು ಕೂದಲಿನಷ್ಟು ಸರಿಸಿಕೊಡುತ್ತಿದ್ದ.

"ಸಂದು ಎಷ್ಟ ಚಂದ ಐತಿ," ಅಂದರು ಕೊನೆಗೆ.

"ಈಗರೆ ನಂಬಿದೆಲ್ಲ?" ಗೊಲ್ಲಾಳಪ್ಪ ಬಗ್ಗಿ ಕೇಳಿದ. "ಅವತ್ತ ಇರಲಿಲ್ಲ. ನೀ ನನ್ನ ಸಲುವಾಗಿ ಸುಳ್ಳ ಹೇಳಿದಿ."

"ನಾ ಯಾಕ ಸುಳ್ಳ ಹೇಳ್ಲಿ?" ಮಲಕವ್ವ ಸಿಟ್ಟಾದರು. "ಐತಿ ಅಂದ್ನಿ. ನನಗ ಕಾಣಾಕತ್ತೈತಿ ಅಂದ್ನೇನು? ಕೇಳ್ರಿ ಮಾಸ್ತರ್ನ."

ನಾನು ನೆನಪು ಮಾಡಿಕೊಂಡೆ. ಅಂದಿರಲಿಲ್ಲ.

"ಕಾಣದ ಐತಿ ಅಂತ ಹೆಂಗ ಹೇಳಿದ್ರವ್ವಾ?" ಎಂದೆ.

"ಇವರ ಒಂದ ಎತ್ತಿಂದು ಹೇಳೂವಾಗ ಊರಿಗೊಂದು ಹೇಳ್ತಾರ. ಬಳಿ ತೊಟ್ಟ ಚುಕ್ಕಿದು ನಲವತ್ತ ವರ್ಷ ಹೇಳ್ಯಾರ. ಆ ನಾಯಿ ಬಣ್ಣ ಒಂದ ಸಲಾನೂ ಬದಲಾಗಲಿಲ್ಲ. ಖರೇ ಇರಲಿಕ್ಕೇ ಬೇಕಲ್ಲ?"

ಗೊಲ್ಲಾಳಪ್ಪ ದುರ್ಬೀನು ಬಿಟ್ಟು ಆಕೆಯ ಕಡೆ ತಿರುಗಿದ. "ಮದ್ಲಿಂದ ನಂಬಿದ್ದಿ? ಮತ್ತ ಒಂದ ಸಲರೆ ಹೌದು ಅನಬಾರದಿತ್ತೇನ? ಪುಣೆತನಾ ಹೋಗಿ ಬಂದ್ನೆಲ್ಲ ನಾ!"

"ಹೌದು ಅಂದಿದ್ರ," ಮಲಕವ್ವ ಸೆರಗು ಸರಿಮಾಡಿಕೊಂಡರು, "ನೀವು ಹೇಳೂದು ಬಿಡ್ತಿದ್ರಿ."

ಅವನು ಬಂದು ಹೊರಸಿನ ಆಚೆ ತುದಿಗೆ ಕುಳಿತ. ನಾನು ಸೈಕಲ್ಲಿನ ಗಾಳಿ ನೋಡುವ ನೆವದಲ್ಲಿ ದೂರ ಸರಿದೆ. ವೈಶಾಖದ ಧಗೆ, ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಅವನ ದನಿ ಕೇಳಿಸಿತು:

"ಥಂಡಿ ಭಾಳ ಇತ್ತು…"

"ಹೂಂ," ಅಂದರು ಮಲಕವ್ವ.