ಯಾರೂ ಕೈ ಹಾಕದ ಕೋವಿ

ಅಪ್ಪ ಸತ್ತು ಆರು ವರ್ಷವಾದರೂ ವರ್ನಾಳಿಗೆ ಅವನ ಹೆದರಿಕೆ ಬಿಟ್ಟಿರಲಿಲ್ಲ. "ಅಜ್ಜನ ಕೋವೀನ ಬೇಕಾದ್ರೆ ಹಾರಿಸಿ, ಆದ್ರೆ ಅದನ್ನ ಬದಲಾಯಿಸೋಕೆ ಯಾವನೂ ಕೈ ಹಾಕಕೂಡ್ದು" ಎಂದು ಅವನು ಗುಡುಗಿದ್ದು ಇನ್ನೂ ಕಿವಿಯಲ್ಲಿತ್ತು. ಪೆನ್ಸಿಲ್ವೇನಿಯಾದ ಅವಳ ಹುಲ್ಲಿನ ಹೊಲದಲ್ಲಿ ಗ್ರೌಂಡ್‌ಹಾಗ್ ಎಂಬ ದಪ್ಪ ಹೆಗ್ಗಣದಂಥ ಪ್ರಾಣಿಗಳು ಬಿಲ ತೋಡಿ ಟ್ರ್ಯಾಕ್ಟರಿನ ಚಕ್ರ ಮುರಿಯುತ್ತಿದ್ದವು. ಆ ಸಣ್ಣ ಕೋವಿಯ ಏಟೋ ಹೊಲದ ಆಚೆ ಅಂಚಿಗೆ ಸಾಲುತ್ತಿರಲಿಲ್ಲ. ತೋಟಾ ಕೂರುವ ಗೂಡನ್ನು ಒಂಚೂರು ಅಗಲಕ್ಕೆ ಕೊರೆಸಿದರೆ ಹೆಚ್ಚು ಮದ್ದು ಹಿಡಿಸಬಹುದಿತ್ತು. ಆದರೆ ಕೊರೆದ ಉಕ್ಕು ಮತ್ತೆ ಕೂಡುವುದುಂಟೆ?

ಎರಡು ಬೇಸಿಗೆ ಹಿಂದೆಮುಂದೆ ನೋಡಿ, ಕೊನೆಗೆ ಕೋವಿಯನ್ನೂ ಹಾರಿಸಿದ ತೋಟಾಗಳ ಖಾಲಿ ಚಿಪ್ಪುಗಳನ್ನೂ ಕೋವಿ ರಿಪೇರಿಯ ಮುದುಕ ಡೆಲ್ಮರ್‌ನ ಮುಂದಿಟ್ಟಳು. ಅವನು ಒಂದು ಚಿಪ್ಪನ್ನು ಹೊಸ ತೋಟಾದ ಪಕ್ಕ ನಿಲ್ಲಿಸಿದ. ಹೊಸದರ ಕತ್ತಿನ ಕೆಳಗಿನ ಹೆಗಲು ಇಳಿಜಾರಾಗಿತ್ತು. ಹಾರಿಸಿದ್ದರ ಹೆಗಲು ಉಬ್ಬಿ ಮೆಟ್ಟಿಲಿನಂತಾಗಿತ್ತು.

"ಇದ್ಯಾಕೆ ಹಿಂಗಾಗಿದೆ ಅಂತ ಯಾವತ್ತಾದ್ರೂ ನೋಡಿದ್ಯೇನೇ?"

"ಹಳೇ ಕೋವಿ, ಹಂಗೇ ಉಗುಳತ್ತೆ ಅಂದ್ಕೊಂಡಿದ್ದೆ."

"ಹಾರಿಸಿದ ಚಿಪ್ಪು ಗೂಡಿನ ಆಕಾರಕ್ಕೇ ಉಬ್ಬೋದು. ಗೂಡು ಆಗ್ಲೇ ಕೊರೆದಾಗಿದೆ ಕಣೆ, ಪೆದ್ದಿ! ನಿಮ್ಮಪ್ಪ ಹುಡುಗನಾಗಿದ್ದಾಗ ಕದ್ದು ತಂದು ನನ್ನ ಕೈಲೇ ಕೊರೆಸ್ದ. 'ನಮ್ಮಪ್ಪಂಗೆ ಹೇಳ್ಬೇಡ' ಅಂತ ಆಣೆ ಹಾಕಿಸ್ಕೊಂಡ. ಈ ಉಬ್ಬಿದ ಚಿಪ್ಪಿಗೇ ಮದ್ದು ಜಾಸ್ತಿ ತುಂಬಿಸ್ಕೊ, ಸಾಕು."

ವರ್ನಾ ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

"ಅಜ್ಜಂಗೆ ಗೊತ್ತೇ ಆಗ್ಲಿಲ್ವಾ?"

"ಎಲ್ಲಿ ಗೊತ್ತಾಗ್ಬೇಕು! ಸಾಯೋವರೆಗೂ ಅದನ್ನ ಹಾರಿಸಿ, 'ನೋಡ್ರೋ, ಯಾರೂ ಕೈ ಹಾಕ್ದೇ ಇದ್ರೆ ಕೋವಿ ಹಿಂಗೆ ಹೊಡಿಯತ್ತೆ' ಅಂತಿದ್ರು."